ಡಿಲಕ್ಸ್ ಪೇಂಟ್ ಚಿತ್ರ ಕುಳ್ಳಗಾಗುವುದೇಕೆ?

ಪ್ರಶ್ನೆ (ಹಳೆಫ್ಲಾಪಿ): ಅಮಿಗಾದ (1980ರ ದಶಕದ ಮನೆ ಕಂಪ್ಯೂಟರ್) ಚಿತ್ರ ಬಿಡಿಸುವ ತಂತ್ರಾಂಶ ಡಿಲಕ್ಸ್ ಪೇಂಟ್‌ನಲ್ಲಿ ಬರೆದ 320×200 ಪಿಕ್ಸೆಲ್ಲಿನ ಚಿತ್ರವನ್ನು ಈಗಿನ ಪಿಎನ್‌ಜಿ ಚಿತ್ರಕಡತ ಮಾಡಿದರೆ ಮುಖಗಳು ಅಪ್ಪಚ್ಚಿ. ಚಿತ್ರದಲ್ಲಿ ಹರಿಯುತ್ತಿದ್ದ ಜಲಪಾತವೂ ನಿಂತುಬಿಟ್ಟಿದೆ. ತಪ್ಪೆಲ್ಲಿ?

ಬಣ್ಣದಬಟ್ಟಲು: ಕಡತ ಸರಿಯಾಗೇ ಇದೆ. ಆಗಿನ 4:3 ಪರದೆಯಲ್ಲಿ ಒಂದೊಂದು ಪಿಕ್ಸೆಲ್ಲೂ ಅಗಲಕ್ಕಿಂತ ಉದ್ದ, ಈಗಿನದರಲ್ಲಿ ಚೌಕ. ಅಡ್ಡಕ್ಕೆ 5 ಪಟ್ಟು, ಉದ್ದಕ್ಕೆ 6 ಪಟ್ಟು ಹಿಗ್ಗಿಸಿ, 1600×1200 ಬರುತ್ತದೆ. ಪಿಕ್ಸೆಲ್ಲಿನ ಬಣ್ಣವನ್ನು ಹಾಗೇ ನಕಲಿಸುವ ‘ನಿಯರೆಸ್ಟ್ ನೈಬರ್’ ಆಯ್ಕೆಯನ್ನೇ ಒತ್ತಿ. ಬೇರೆ ಯಾವುದಾದರೂ ಅಂಚನ್ನು ಕಲಸಿ, 32 ಬಣ್ಣದ ಚಿತ್ರಕ್ಕೆ ನೂರಾರು ಬಣ್ಣ ಸುರಿಯುತ್ತದೆ.

ಚುಕ್ಕಿಲೆಕ್ಕ: ಜಲಪಾತದಲ್ಲಿ ಪಿಕ್ಸೆಲ್ ಕದಲುವುದೇ ಇಲ್ಲ, ಪ್ಯಾಲೆಟ್ಟಿನ (ಚಿತ್ರದ ಬಣ್ಣಪಟ್ಟಿಯ) ಬಣ್ಣಗಳು ಸುತ್ತುತ್ತವೆ. ಪಿಎನ್‌ಜಿಗೆ ಅದರ ಒಂದು ಕ್ಷಣ ಮಾತ್ರ ಸಿಗುತ್ತದೆ. ಡಿಲಕ್ಸ್ ಪೇಂಟ್ ಉಳಿಸಿದ ಮೂಲ ಐಎಫ್‌ಎಫ್ ಕಡತದಲ್ಲಿ ಬಣ್ಣದ ಸುತ್ತಿನ ವಿವರವಿರುವ ಸಿಆರ್‌ಎನ್‌ಜಿ ಭಾಗ ನೋಡಿ: ಶುರುವಿನ ಬಣ್ಣ, ಕೊನೆಯ ಬಣ್ಣ, ವೇಗ ಎಲ್ಲ ಅಲ್ಲಿದೆ. ವೇಗ 16384 ಅಂದರೆ ಸೆಕೆಂಡಿಗೆ 60 ಹೆಜ್ಜೆ, 4096 ಅಂದರೆ 15. ಎಂಟು ಬಣ್ಣದ ಸುತ್ತಿಗೆ 8 ಫ್ರೇಮಿನ ಜಿಫ್ (ಚಲಿಸುವ ಚಿತ್ರಕಡತ) ಸಾಕು. ಅದೇ ವೇಗದಲ್ಲಿ 6 ಬಣ್ಣದ ಇನ್ನೊಂದು ಸುತ್ತೂ ಇದ್ದರೆ 24 ಫ್ರೇಮ್ ಬೇಕು (ಎರಡೂ ಸುತ್ತು ಒಟ್ಟಿಗೆ ಮುಗಿಯುವುದು ಅಲ್ಲೇ), ಇಲ್ಲವಾದರೆ ಕೊನೆಯಲ್ಲಿ ಜಿಗಿಯುತ್ತದೆ.

ಬಣ್ಣದಬಟ್ಟಲು: ಮೂಲ ಫ್ಲಾಪಿಯನ್ನು ಮಾತ್ರ ಎಸೆಯಬೇಡಿ. ಅಮೆರಿಕದ ಕಲಾವಿದ ಆಂಡಿ ವಾರ್ಹೋಲ್ 1985ರಲ್ಲಿ ಅಮಿಗಾದಲ್ಲಿ ಬಿಡಿಸಿದ ಚಿತ್ರಗಳು ಫ್ಲಾಪಿಗಳಿಂದ ಹೊರಬಂದು ಸುದ್ದಿಯಾದದ್ದು 2014ರಲ್ಲಿ. ಅದಕ್ಕೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರೇ ಕೈಹಾಕಬೇಕಾಯಿತು. ಮಾಮೂಲಿ ಪಿಸಿ ಡ್ರೈವ್ ಅಮಿಗಾ ಫ್ಲಾಪಿಯನ್ನು ಓದುವುದಿಲ್ಲ. ಫ್ಲಾಪಿಯ ಕಾಂತೀಯ ಗುರುತುಗಳನ್ನು ನೇರ ಓದುವ ಕ್ರಯೋಫ್ಲಕ್ಸ್‌ನಂಥ ಬೋರ್ಡ್ ಬೇಕು.