ಸಾಗರ ಸೀಮೆಯ ಇತಿಹಾಸ: ಪುಸ್ತಕ ಸಾಕೋ, ಕಡತ ಬೇಕೋ?

ಮಲೆನಾಡಿಗ:
ನಮ್ಮೂರು ಸಾಗರ ತಾಲ್ಲೂಕು. ಊರಿನ ಇತಿಹಾಸ ಐವತ್ತು ಪುಟದಷ್ಟು ಬರೆದು ಜಾತ್ರೆ ಹೊತ್ತಿಗೆ ಅಚ್ಚು ಹಾಕಿಸೋಣ ಅಂತ ಹೊರಟಿದ್ದೀನಿ. ಮಾರ್ಕ್ ವಿಲ್ಕ್ಸ್‌ನ ಸಂಪುಟಗಳು, ಹಯವದನರಾಯರ ಮೈಸೂರು ಚರಿತ್ರೆ ಎರಡೂ ಕೈಗೆ ಸಿಕ್ಕಿವೆ. ಇಷ್ಟು ಸಾಕಾ? ಅಟ್ಟದ ಮೇಲೆ ಒಂದು ಕರೀ ಬಟ್ಟೆ ಪುಸ್ತಕವೂ ಇದೆ, ನಮ್ಮ ಹಿರಿಯರು ಶಾನುಭೋಗರಾಗಿದ್ದರಂತೆ. ಬರೀ ಲೆಕ್ಕದ ಹಾಗೆ ಕಾಣತ್ತೆ, ಉಪಯೋಗ ಇಲ್ಲ ಅನ್ಸತ್ತೆ.

ಶಾಸನಪ್ರಿಯ:
ಸಾಲದು. ವಿಲ್ಕ್ಸ್ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ (ಪ್ರತಿನಿಧಿ) ಕೆಲಸ ನೋಡಿದವನು; ಶ್ರೀರಂಗಪಟ್ಟಣ ಬಿದ್ದು ಹನ್ನೊಂದೇ ವರ್ಷಕ್ಕೆ, 1810ರಲ್ಲಿ, ಮೊದಲ ಸಂಪುಟ ತಂದ. ಗೆದ್ದವರ ಪಾಳಯದಲ್ಲಿ ಕೂತು ಬರೆದದ್ದು. ಹಯವದನರಾಯರದು ದೊಡ್ಡ ಕೆಲಸ, ಅನುಮಾನವಿಲ್ಲ, ಆದರೆ ಅದು 1399ರಿಂದ 1799ರವರೆಗಿನ ಮೈಸೂರು ಮನೆತನದ ಕಥೆ. ನಿಮ್ಮ ಇಕ್ಕೇರಿ ನಾಯಕರು (ಕೆಳದಿಯವರು, ಬಿದನೂರಿನವರು ಅನ್ನುವುದೂ ಇವರನ್ನೇ) ಅಲ್ಲಿ ಎದುರಾಳಿಗಳಾಗಿ ಬಂದು ಹೋಗುತ್ತಾರೆ, ಅಷ್ಟೆ. ಮೊದಲು ಬಿ.ಎಲ್. ರೈಸ್‌ನ ಎಪಿಗ್ರಾಫಿಯಾ ಕರ್ನಾಟಿಕಾ ಎಂಟನೇ ಸಂಪುಟ ತೆಗೆಯಿರಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿಯ ಶಾಸನಗಳೆಲ್ಲ ಅಲ್ಲಿವೆ, ಕನ್ನಡ ಪಾಠದ ಸಮೇತ.

ಹಳೇಕಾಗದ:
ಶಾಸನ ಓದಿದರೆ ಸಿಗೋದೇನು ಸ್ವಾಮಿ? ಯಾವ ದೊರೆ ಯಾವ ದೇವಸ್ಥಾನಕ್ಕೆ ಎಷ್ಟು ಗದ್ದೆ ಬಿಟ್ಟ, ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳವಾಗಿ ಹುಟ್ಟಲಿ ಅನ್ನೋ ಶಾಪ. ಗದ್ದೆ ಉತ್ತವನ ಹೆಸರೆಲ್ಲಿ?

ಶಾಸನಪ್ರಿಯ:
ವೀರಗಲ್ಲು ನೋಡಿಲ್ಲವೇ ನೀವು? ತುರುಗಳನ್ನು ಬಿಡಿಸಲು ಹೋಗಿ ಸತ್ತವನ, ಊರ ಹೆಣ್ಣುಮಕ್ಕಳ ಮಾನ ಕಾಯಲು ನಿಂತವನ ಹೆಸರು, ಅವನ ಅಪ್ಪನ ಹೆಸರು ಸಮೇತ ಇರುತ್ತದೆ. ದಾನಶಾಸನದಲ್ಲೂ ಎಲ್ಲೆ ಹೇಳುವಾಗ ಕೆರೆ, ಹುತ್ತ, ಹುಣಸೆಮರ, ದಾರಿ ಎಲ್ಲ ಬರುತ್ತವೆ. ಆ ಎಲ್ಲೆ ಹಿಡಿದು ಇವತ್ತಿಗೂ ನಡೆದುಬಿಡಬಹುದು.

ಹಳೇಕಾಗದ:
ವೀರಗಲ್ಲಿನ ಮಾತು ಒಪ್ಪಿದೆ. ಆದರೂ ಮಲೆನಾಡಿಗರೇ, ಚಿನ್ನದಂಥ ವಸ್ತುವನ್ನು ಅಟ್ಟದ ಮೇಲಿಟ್ಟು ವಿಲ್ಕ್ಸ್ ಓದುತ್ತಿದ್ದೀರಿ. ಆ ಕರೀ ಬಟ್ಟೆಯೇ ಕಡತ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ತಮಾಷೆ ಅಂದರೆ ವಿಲ್ಕ್ಸೇ ತನ್ನ ಪುಸ್ತಕದಲ್ಲಿ ಇದನ್ನು ವರ್ಣಿಸಿದ್ದಾನೆ! ಒದ್ದೆ ಬಟ್ಟೆ ಮಾತ್ರ ಸೋಕಿಸಬೇಡಿ. ಬೇಕೆಂದಾಗ ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ ವಸ್ತು ಅದು, ಒರೆಸಿದರೆ ಇತಿಹಾಸವೂ ಹೋಯಿತು. ನಮ್ಮ ಸಂಬಂಧಿಕರ ಮನೆಯಲ್ಲಿ ದೀಪಾವಳಿ ಧೂಳು ಹೊಡೆಯುವಾಗ ಹೀಗೇ ಒಂದು ಕಡತ ಸ್ವಚ್ಛವಾಯಿತು, ಅಕ್ಷರದ ಸಮೇತ.

ಬೆಳಗಾವಿ ಕಾಕಾ:
ಏನ್ರೀಪಾ, ಎಲ್ಲಾರೂ ಮೈಸೂರು ಮೈಸೂರು ಅಂತೀರಿ. ರೈಸ್ ಸಾಹೇಬ ಮೈಸೂರು ಮತ್ತ ಕೊಡಗು ಬಿಟ್ಟು ಈಚೀಕಡೆ ಬರಲೇ ಇಲ್ಲ. ನಮ್ಮ ಕಡೆ ಶಾಸನ ಓದೋ ಫ್ಲೀಟ್ ಸಾಹೇಬ ಇದ್ದ, 1882ರಾಗ ಕನ್ನಡ ಜಿಲ್ಲಾಗಳ ರಾಜಮನೆತನದ ಮ್ಯಾಲೆ ಪುಸ್ತಕಾ ಬರದ. ಅಷ್ಟರಾಗ ನಮ್ಮ ಪಾಲು ಮುಗೀತು! ನಮ್ಮ ದೇಸಾಯರ ದೇಸಗತಿ, ಇನಾಮು ಜಮೀನಿನ ಕಾಗದ ಎಲ್ಲಾ ಮರಾಠಿಯ ಮೋಡಿ ಲಿಪಿಯೊಳಗ, ಅದೂ ಪುಣೆ ದಫ್ತರದಾಗ ಕೂತಾವ. ಧಾರವಾಡದ ಹುಡುಗ ತನ್ನ ಊರಿನ ಕಾಗದ ಓದಬೇಕಂದ್ರ ಮೊದಲ ಮೋಡಿ ಕಲೀಬೇಕು, ಆಮ್ಯಾಲೆ ರೈಲು ಹತ್ತಬೇಕು. ಕಲಬುರ್ಗಿ, ರಾಯಚೂರಿನವರದು ಪಾರ್ಸಿ-ಉರ್ದು, ಹೈದರಾಬಾದಿನಾಗ. ಯಾರ ಕಾಗದ ಬೆಂಗಳೂರಿನಾಗ ಉಳೀತೋ ಅವರ ಇತಿಹಾಸಾನೇ 'ಕರ್ನಾಟಕದ ಇತಿಹಾಸ' ಆತು. ನನ್ನ ತಕರಾರು ಇಷ್ಟ.

ಶಾಸನಪ್ರಿಯ:
ಕಾಕಾ, ತಕರಾರು ನ್ಯಾಯವೇ. ಆದರೆ ಇವರು ಕೇಳಿದ್ದು ಸಾಗರದ ಬಗ್ಗೆ. ಸಾಗರ ಮೈಸೂರು ಸಂಸ್ಥಾನದಲ್ಲೇ ಇತ್ತಲ್ಲ?

ಕುಡ್ಲದವ:
ಇತ್ತು ಮಾರಾಯ್ರೇ, ಆದರೆ ಯಾವಾಗಿನಿಂದ? ಹೈದರಾಲಿ ಬಿದನೂರು ಹಿಡಿದದ್ದು 1763ರಲ್ಲಿ. ಅದಕ್ಕೆ ಮುಂಚೆ ಇನ್ನೂರೈವತ್ತು ವರ್ಷ ಕೆಳದಿಯವರದೇ, ಘಟ್ಟದ ಮೇಲೂ ಕೆಳಗೂ. ನಮ್ಮ ಮಂಗಳೂರು ಕೂಡ ಅವರದ್ದೇ ಅಲ್ವಾ? 1799ರಲ್ಲಿ ಕರಾವಳಿ ಕಂಪನಿಗೆ ಹೋಯಿತು, ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. 1800ರಲ್ಲಿ ಅವನು ಮದ್ರಾಸಿಗೆ ಕಳಿಸಿದ ವರದಿಯಲ್ಲಿ ಬಿದನೂರಿನವರು ಎಷ್ಟು ಕಂದಾಯ ಹಾಕಿದ್ದರು, ಹೈದರ್ ಎಷ್ಟು ಏರಿಸಿದ ಅಂತ ಲೆಕ್ಕ ಹಿಡಿದು ಮಾತಾಡ್ತಾನೆ. ಕೆಳದಿಯ ಶಿವಪ್ಪ ನಾಯಕನ ಶಿಸ್ತು ಅಂತ ಕೇಳಿದ್ದೀರಲ್ಲ, ಆ ಕಂದಾಯ ವ್ಯವಸ್ಥೆಯ ನೆರಳು ಕೆನರಾದ, ಅಂದ್ರೆ ಕರಾವಳಿ ಜಿಲ್ಲೆಯ, ಕಾಗದದಲ್ಲುಂಟು. ಹಾಗಾಗಿ ಸಾಗರದವರು ಚೆನ್ನೈ ಎಗ್ಮೋರಿನ ಪತ್ರಾಗಾರಕ್ಕೂ ಹೋಗ್ಬೇಕು! ಕಂಪನಿಯ ಸರ್ವೇ ಅಧಿಕಾರಿ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳೂ (ಊರೂರ ಹಳೇ ವೃತ್ತಾಂತಗಳು) ಚೆನ್ನೈಯಲ್ಲೇ ಇದ್ದದ್ದು. ಪುಣ್ಯಕ್ಕೆ ವಿದ್ವಾಂಸ ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಕನ್ನಡದವು ಅಚ್ಚಾಗಿವೆ.

ಹಳೇಕಾಗದ:
ಇದು ಸರಿ. ಜೊತೆಗೆ ಲಿಂಗಣ್ಣ ಕವಿಯ 'ಕೆಳದಿನೃಪವಿಜಯಂ' ಓದಿ. ಆಸ್ಥಾನದ ಹೊಗಳಿಕೆ ಇದೆ, ಆದರೂ ಕೆಳದಿಯವರೇ ತಮ್ಮ ಕಥೆ ಹೇಳಿಕೊಂಡದ್ದು ಅದರಲ್ಲಿ ಸಿಗುತ್ತೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದು ಬರೆದ ಪತ್ರಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಇನ್ನು ನಗರ ಸೀಮೆಯ (ಬಿದನೂರಿನ) ರೈತರು 1830-31ರಲ್ಲಿ ಎದ್ದ ದಂಗೆಗೆ ಬಂದಾಗ ಹುಷಾರು. 1833ರ ವಿಚಾರಣಾ ವರದಿಯನ್ನೇ ಎಲ್ಲರೂ ಎತ್ತಿ ಬರೆಯುತ್ತಾರೆ. ಆ ವಿಚಾರಣಾ ಸಮಿತಿಯಲ್ಲಿ ಕೂತಿದ್ದ ಬ್ರಿಟಿಷ್ ಅಧಿಕಾರಿ ಕಬ್ಬನ್ ಮರುವರ್ಷವೇ ಮೈಸೂರಿನ ಕಮಿಷನರ್ ಆದ. ಅರಸರ ಆಡಳಿತ ಕೆಟ್ಟಿತ್ತು ಎಂದು ಬರೆದವನ ಕೈಗೇ ಆಡಳಿತ ಬಂತು ಅಂದಮೇಲೆ ವರದಿಯನ್ನು ಹೇಗೆ ಓದಬೇಕು ಅಂತ ನೀವೇ ಯೋಚಿಸಿ.

ಶಾಸನಪ್ರಿಯ:
ಹಾಗಂತ ವರದಿ ಸುಳ್ಳು ಅನ್ನೋಕಾಗಲ್ಲ. ಗುತ್ತಿಗೆಯ ಕಂದಾಯ, ಅಮಲ್ದಾರರ ಕಾಟ ಇದ್ದದ್ದೇ.

ಹಳೇಕಾಗದ:
ಸುಳ್ಳು ಅಂದೆನೇ? ಬರೆದವನು ಯಾರು ಅಂತ ನೋಡಿ ಓದಿ ಅಂದೆ.

ಮಲೆನಾಡಿಗ:
ಎಲ್ಲರಿಗೂ ವಂದನೆ. ನೆನ್ನೆ ರಾತ್ರಿ ಕಡತ ಇಳಿಸಿದೆ. ಎರಡು ಮಡಿಕೆ ಅಂಟಿಕೊಂಡಿವೆ, ಬಿಡಿಸಲು ಹೋಗಲಿಲ್ಲ. ಉಳಿದದ್ದನ್ನು ಟಾರ್ಚ್ ಓರೆಯಾಗಿ ಹಿಡಿದು ಮೊಬೈಲಲ್ಲಿ ಚಿತ್ರ ತೆಗೆದೆ, ಅಕ್ಷರ ಎದ್ದು ಕಾಣತ್ತೆ. ಮೊದಲ ಮಡಿಕೆಯಲ್ಲಿ 'ಬಹುಧಾನ್ಯ ಸಂವತ್ಸರ' ಅಂತಿದೆ. ಶಕವರ್ಷ ಇಲ್ಲ. ಆಮೇಲೆ ಅಡಿಕೆ, ಭತ್ತ, ಖಂಡುಗದ ಲೆಕ್ಕ, ಜನರ ಹೆಸರು. ಒಂದು ಹೆಸರಿನ ಮುಂದೆ 'ಪರಾರಿ' ಅಂತ ಬರೆದಿದ್ದಾರೆ.

ಹಳೇಕಾಗದ:
ಭೇಷ್! ಆದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಬಹುಧಾನ್ಯ 1758ರಲ್ಲಿ, 1818ರಲ್ಲಿ, 1878ರಲ್ಲಿ ಬಂದಿದೆ. ಮೊದಲನೆಯದಾದರೆ ಕೆಳದಿಯ ಕೊನೆಗಾಲ, ಎರಡನೆಯದಾದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮೂರನೆಯದಾದರೆ ಬ್ರಿಟಿಷ್ ಕಮಿಷನರ್. ಮೂರು ಬೇರೆ ಬೇರೆ ಸರ್ಕಾರ! ಹಣದ ಲೆಕ್ಕ ಯಾವುದರಲ್ಲಿದೆ ನೋಡಿ. ರೂಪಾಯಿ, ಆಣೆ ಇದ್ದರೆ 1878 ಅಂತ ಧೈರ್ಯವಾಗಿ ಹೇಳಬಹುದು.

ಮಲೆನಾಡಿಗ:
ಈಗ ಮತ್ತೆ ನೋಡಿದೆ. ವರಹ, ಹಣ. ರೂಪಾಯಿ ಎಲ್ಲೂ ಇಲ್ಲ.

ಬೆಳಗಾವಿ ಕಾಕಾ:
ಅಂದ್ರ ಇನ್ನ ಎರಡ ಉಳದ್ವು. ಆ ಪರಾರಿ ಆದಂವನ ಹೆಸರು ಹೇಳ್ರಿ ತಮ್ಮಾ, ಘಟ್ಟಾ ಇಳದನೋ ನಮ್ಮ ಕಡೆ ಬಂದನೋ ನೋಡೂಣು.