ಯಾವ ಚೆನ್ನಮ್ಮ? ದೊಡ್ಡತ್ತೆಯ ವಾಯ್ಸ್ ಮೆಸೇಜು

ಹಾಂ, ರೆಕಾರ್ಡ್ ಆಗ್ತಿದೆಯಾ ಇದು... ಆಗ್ತಿದೆ. ನೋಡು ಮಾರಾಯ್ತಿ, ನೀನು ರಾತ್ರಿ ಹಾಕಿದ ಮೆಸೇಜು ಈಗ ಕಾಫಿ ಕುಡಿತಾ ನೋಡ್ದೆ. ಪುಟ್ಟಿಗೆ ಶನಿವಾರ ಶಿವಮೊಗ್ಗದಲ್ಲಿ ಭಾಷಣ ಸ್ಪರ್ಧೆ, ವಿಷಯ ಬರೀ "ರಾಣಿ ಚೆನ್ನಮ್ಮ" ಅಂತ ಕೊಟ್ಟಿದಾರೆ, ಮಿಸ್ ಬರೆಸಿದ್ರಲ್ಲಿ ಔರಂಗಜೇಬ ಇದಾನೆ, ನೀನು ಮೊಬೈಲಲ್ಲಿ ಹುಡುಕಿದ್ರಲ್ಲಿ ಬ್ರಿಟಿಷರು ಇದಾರೆ, ಯಾವ್ದು ಸರಿ ಅಂತ ಗೊತ್ತಾಗ್ದೆ ಮಗು ಅಳ್ತಾ ಕೂತಿದೆ ಅಂದ್ಯಲ್ಲ. ಎರಡೂ ಸರಿ. ಇಬ್ರು ಚೆನ್ನಮ್ಮ, ಔರಂಗಜೇಬನ ಕಾಲದೋಳು ಕೆಳದಿ ಚೆನ್ನಮ್ಮ, ಬ್ರಿಟಿಷರ ಕಾಲದೋಳು ಕಿತ್ತೂರು ಚೆನ್ನಮ್ಮ. ಸಾಗರದ ಮನೆ ಹುಡುಗಿಯಾಗಿ ಇದನ್ನ ಗ್ರೂಪಲ್ಲಿ ಕೇಳ್ತೀಯಲ್ಲ, ನಿಮ್ಮಜ್ಜ ಇದ್ದಿದ್ರೆ ಅರ್ಧ ಊಟದಲ್ಲಿ ಎದ್ದು ಹೋಗ್ತಿದ್ರು. ಇರ್ಲಿ ಬಿಡು.

ನನ್ನ ಕಥೆ ನಿಮಗೆಲ್ಲ ಗೊತ್ತಿದ್ದಿದ್ದೇ, ಆದ್ರೂ ಪುಟ್ಟಿಗೆ ಸ್ಪೀಕರ್ ಹಾಕಿ ಕೇಳ್ಸು. ನಾನು ಏಳನೇ ಕ್ಲಾಸಲ್ಲಿದ್ದಾಗ ಇಂಥದ್ದೇ ಸ್ಪರ್ಧೆ, ಇದೇ ವಿಷಯ. ಅಪ್ಪಯ್ಯ ಕೂರಿಸ್ಕೊಂಡು ಬಾಯಿಪಾಠ ಮಾಡ್ಸಿದ್ರು. ಸಾಗರದಲ್ಲಿ ನಿಂತು ಚೆನ್ನಮ್ಮ ಅಂದ್ರೆ ಕೆಳದಿ ಚೆನ್ನಮ್ಮ ಅಂತ ಬಿಡಿಸಿ ಹೇಳ್ಬೇಕಾ? ಬಸ್ಸು ಹತ್ತಿ ಟಿಕೆಟ್ ತಗಳೋದ್ರೊಳಗೆ ಕೆಳದಿ ಬರುತ್ತೆ. ನಾನು ವೀರರಾಣಿ ಚೆನ್ನಮ್ಮ ಅಂತ ಶುರು ಮಾಡಿ, ಗಂಡ ಸೋಮಶೇಖರ ನಾಯಕ ಹೋದ್ಮೇಲೆ 1672ರಲ್ಲಿ ರಾಜ್ಯ ಕೈಗೆ ತಗಂಡಿದ್ದು, ಸುಮಾರು 25 ವರ್ಷ ಆಳಿದ್ದು, ಎಲ್ಲಾ ಗಡಗಡ ಹೇಳ್ತಾ ಹೋದೆ. 1689ರಲ್ಲಿ ಔರಂಗಜೇಬ ಸಂಭಾಜಿನ ಕೊಲ್ಲಿಸಿದ್ಮೇಲೆ ಶಿವಾಜಿಯ ಇನ್ನೊಬ್ಬ ಮಗ ರಾಜಾರಾಮ ತಮಿಳುನಾಡು ಕಡೆ ಜಿಂಜಿ ಕೋಟೆಗೆ ತಪ್ಪಿಸ್ಕೊಂಡು ಹೋಗ್ತಾ ನಮ್ಮ ಮಲೆನಾಡಿಗೆ ಬಂದ, ದಿಲ್ಲಿ ಬಾದಶಾಹನ ಹೆದರಿಕೆಗೆ ಯಾರೂ ಹತ್ತಿರ ಸೇರಿಸ್ದೆ ಇದ್ದಾಗ ಈಕೆ ಆಶ್ರಯ ಕೊಟ್ಲು ಅಂತ ನಾನು ಕೈ ಎತ್ತಿ ಹೇಳೋಷ್ಟೊತ್ತಿಗೆ ಜಡ್ಜು, ಹೆಸರು ಬೇಡ ಬಿಡು, ಹೊರಗಿನ ಊರಿಂದ ಬಂದಿದ್ದ ದೊಡ್ಡ ಮನುಷ್ಯ, ಮಧ್ಯದಲ್ಲೇ ನಿಲ್ಸಿ, "ಮಗೂ, ಥ್ಯಾಕರೆ ಎಲ್ಲಿ ಹೋದ? ಶಿವಾಜಿ ಮಗ ಎಲ್ಲಿಂದ ಬಂದ?" ಅಂದ. ಸಭೆ ಪೂರ್ತಿ ನಗು! ಆ ಪುಣ್ಯಾತ್ಮನ ತಲೇಲಿ 1961ರ "ಕಿತ್ತೂರು ಚೆನ್ನಮ್ಮ" ಸಿನಿಮಾ, ಬಿ. ಸರೋಜಾದೇವಿ ಕತ್ತಿ ಹಿಡಿದು ನಿಂತಿದ್ದೇ ಇದ್ದಿದ್ದು. ಥ್ಯಾಕರೆ ಅಂದ್ರೆ ಆ ಕಿತ್ತೂರು ಯುದ್ಧದಲ್ಲಿ ಸತ್ತ ಬ್ರಿಟಿಷ್ ಕಲೆಕ್ಟರು. ಬಹುಮಾನದ ಸ್ಟೀಲ್ ಟಿಫಿನ್ ಕ್ಯಾರಿಯರ್ ಬೇರೆ ಹುಡುಗಿಗೆ ಹೋಯ್ತು. ಅದಕ್ಕೇ ಹೇಳೋದು, ಚೆನ್ನಮ್ಮ ಅನ್ನೋಕೆ ಮುಂಚೆ ಊರು ಹೇಳ್ಬೇಕು. ಎದುರಿಗೆ ಕೂತೋರಿಗೆ ಗೊತ್ತಿರುತ್ತೆ ಅಂತ ನಂಬ್ಕೋಬೇಡಿ.

ಇನ್ನೊಬ್ರದ್ದೂ ಸಣ್ಣ ಕಥೆ ಅಲ್ಲ ಮತ್ತೆ. ಕಿತ್ತೂರು ಚೆನ್ನಮ್ಮ ಹುಟ್ಟಿದ್ದು ಬೆಳಗಾವಿ ಹತ್ರ ಕಾಕತಿಯಲ್ಲಿ, 1778. ಮಲ್ಲಸರ್ಜ ದೇಸಾಯಿ ಹೆಂಡ್ತಿ. ಗಂಡನೂ ಹೋದ, ಮಗನೂ ಹೋದ, ಶಿವಲಿಂಗಪ್ಪನ್ನ ದತ್ತು ತಗಂಡ್ರೆ ಕಂಪನಿಯೋರು ಒಪ್ಪಲ್ಲ ಅಂದ್ರು. 1824ರ ಅಕ್ಟೋಬರಲ್ಲಿ ಯುದ್ಧ ಆಗಿ ಥ್ಯಾಕರೆ ಸತ್ತ, ಡಿಸೆಂಬರಲ್ಲಿ ಅವ್ರು ದೊಡ್ಡ ಸೈನ್ಯ ತಂದು ಕೋಟೆ ಹಿಡಿದ್ರು, ಪಾಪ ಬೈಲಹೊಂಗಲದ ಸೆರೇಲೇ 1829ರಲ್ಲಿ ತೀರ್ಕೊಂಡ್ಲು. ಜನ ಕಲಸೋದಕ್ಕೂ ಕಾರಣ ಇದೆ ಅನ್ನು, ನಮ್ಮ ಕೆಳದಿಯಾಕೆನೂ ಗಂಡ ಹೋದ್ಮೇಲೆ ಆಳಿದ್ದು, ಆಕೆನೂ ಬಸಪ್ಪ ನಾಯಕನ್ನ ದತ್ತು ತಗಂಡಿದ್ದು. ಹೆಸರೂ ಒಂದೇ, ಗೋಳೂ ಒಂದೇ. ಮಧ್ಯ 150 ವರ್ಷ ಇದೆ ಅನ್ನೋದು ಮಾತ್ರ ಯಾರಿಗೂ ಬೇಡ.

ಮಕ್ಕಳನ್ನ ಬಿಡು, ನಿಮ್ಮ ಸಣ್ಣ ಮಾವ ತೀರ್ಥಹಳ್ಳಿಯೋರಾಗಿ, ಮದುವೆ ಮನೇಲಿ ಎಲೆ ಮುಂದೆ ಕೂತು, ನಮ್ಮೂರ ಗಿರೀಶ್ ಕಾಸರವಳ್ಳಿಗೆ ಜ್ಞಾನಪೀಠ ಬಂತಲ್ಲ ಅಂತ ಹೇಳ್ತಾರೆ! 1998ರ ಜ್ಞಾನಪೀಠ ಗಿರೀಶ್ ಕಾರ್ನಾಡರಿಗೆ. ಕಾಸರವಳ್ಳಿಯೋರಿಗೆ ಬಂದಿದ್ದು ಸಿನಿಮಾಕ್ಕೆ ಸ್ವರ್ಣಕಮಲ, ಅದೂ ನಾಲ್ಕು ಸಲ. ಇಬ್ರೂ ಸಿನಿಮಾ ಮಾಡಿದೋರು, ಒಪ್ಕೋತೀನಿ, ಆದ್ರೂ. ಮಾವ, ಗ್ರೂಪಲ್ಲಿ ಇದೀರಲ್ಲ, ಬೇಜಾರು ಮಾಡ್ಕೋಬೇಡಿ.

ನನಗೆ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ರಾಣಿ ಚೆನ್ನಮ್ಮ ಅಂತ ರೈಲು, ಹುಬ್ಬಳ್ಳಿಯಲ್ಲಿ ಸರ್ಕಲ್ಲು, ಬೆಳಗಾವಿಯಲ್ಲಿ ಯೂನಿವರ್ಸಿಟಿ, ಪಾರ್ಲಿಮೆಂಟಲ್ಲಿ 2007ರಲ್ಲಿ ಪ್ರತಿಮೆ, ಎಲ್ಲಾ ಕಿತ್ತೂರಿಂದೇ. ಆಗ್ಲಿ, ಸಂತೋಷ. ನಮ್ಮಾಕೆ? ಔರಂಗಜೇಬನ ಸೈನ್ಯ ಬಂದಾಗ ರಾಜಾರಾಮನ್ನ ಹಿಡಿದು ಕೊಡ್ದೆ ಕಾದಾಡಿ, ಕಡೆಗೆ ಅವ್ರೇ ಸಂಧಿಗೆ ಬರೋ ಹಾಗೆ ಮಾಡಿದೋಳು. ಊರೋರು ಯಾಕೆ, ನಮ್ಮನೆಯೋರೇ ಸಾಕು. ಹೋದ ಮಳೆಗಾಲದಲ್ಲಿ ಟಿಟಿ ಮಾಡ್ಕೊಂಡು ಜೋಗಕ್ಕೆ ಹೋದ್ರಲ್ಲ ಎಲ್ರೂ, ಸಾಗರದಲ್ಲೇ ಹಾದು ಹೋದ್ರಿ, ಕೆಳದಿಗೆ ಹೋಗೋಣ ಅಂದಿದ್ದಕ್ಕೆ ಟೈಮಿಲ್ಲ ಅಂದ್ರಿ, ಮಸಾಲೆ ದೋಸೆಗೆ ಮುಕ್ಕಾಲು ಗಂಟೆ ಕಾಯೋಕೆ ಟೈಮಿತ್ತು. ರಾಮೇಶ್ವರ ದೇವಸ್ಥಾನ ಇದೆ, ಪಕ್ಕದಲ್ಲೇ ವೀರಭದ್ರನ ಗುಡಿ, ಅಲ್ಲಿ ಚಾವಣಿಯಲ್ಲಿ ಗಂಡಭೇರುಂಡ ಕೆತ್ತಿದಾರೆ, ಮ್ಯೂಸಿಯಮ್ಮಿದೆ. ಒಬ್ರೂ ಇಳೀಲಿಲ್ಲ. ನನ್ನ ಮಂಡಿ ನೋವಿಗೆ ನಾನು ಒಬ್ಳೇ ಹೋಗೋಕಾಗುತ್ತಾ? ಜಲಪಾತದ ಮುಂದೆ ನಿಂತು ಒಂದೇ ಫೋಟೋನ ಎಲ್ರೂ ಸ್ಟೇಟಸ್ ಹಾಕ್ಕೊಂಡ್ರಿ, ನೀರೂ ಕಾಣ್ತಿರ್ಲಿಲ್ಲ, ಬರೀ ಮಂಜು...

ಅಯ್ಯೋ ಎಲ್ಲಿಗೋ ಹೋದೆ. ಮತ್ತೊಮ್ಮೆ ಹೇಳ್ತೀನಿ, ಊರು ಮೊದಲು, ಹೆಸರು ಆಮೇಲೆ. ಜಡ್ಜು ಯಾರಾದ್ರೂ ಆಗ್ಲಿ.

ಹಾಂ, ಮುಖ್ಯವಾದ್ದೇ ಬಿಟ್ಟೆ ನೋಡು. ಇವತ್ತೇ ಮಿಸ್‌ಗೆ ಫೋನ್ ಮಾಡಿ, ಸ್ಪರ್ಧೆಯೋರು ಕೊಟ್ಟಿರೋ ನೋಟೀಸಲ್ಲಿ ಯಾವ ರಾಣಿ ಅಂತ ಇದೆಯಾ ಕೇಳು. ಏನೂ ಬರೆದಿಲ್ಲ ಅಂದ್ರೆ ನಮ್ಮಾಕೆನೇ ತಗೊಳ್ಳಿ, ಮೊದಲ ಸಾಲಲ್ಲೇ "ನಾನು ಹೇಳ್ತಿರೋದು 1824ರ ಕಿತ್ತೂರಿನ ರಾಣಿ ಬಗ್ಗೆ ಅಲ್ಲ, ಅದಕ್ಕೂ 150 ವರ್ಷ ಹಿಂದೆ ಬಿದನೂರಿಂದ ಆಳಿದ ಕೆಳದಿ ಚೆನ್ನಮ್ಮನ ಬಗ್ಗೆ" ಅಂತ ಹೇಳ್ಲಿ. ಬಿದನೂರು ಅಂದ್ರೆ ಹೊಸನಗರದ ಹತ್ರ ನಗರ ಅಂತಾನೂ ಸೇರಿಸ್ಲಿ, ಗೊತ್ತಾಗುತ್ತೆ. ನೀನು ಫೋಟೋ ಹಾಕಿದ್ಯಲ್ಲ ಆ ಹಾಳೆ, ಅದ್ರ ಕೆಳಗಡೆ ಸಂಗೊಳ್ಳಿ ರಾಯಣ್ಣ ಇದಾನೆ, ತೆಗೆದು ಹಾಕು, ಅವನು ಕಿತ್ತೂರು ರಾಣಿ ಕಡೆಯೋನು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು, ಔರಂಗಜೇಬನ ಕಾಲದಲ್ಲಿ ಎಂತ ಮಾಡ್ತಾನೆ ಅವನು? ರಟ್ಟಿನ ಕತ್ತಿ ಮಾಡಿಟ್ಟಿದೀನಿ ಅಂದ್ಯಲ್ಲ, ಅದು ಇರ್ಲಿ, ಇಬ್ರಿಗೂ ಆಗುತ್ತೆ.