‘ನಿಮ್ಮದು ಯಾವ ಜಾತಿ?’: ನಾಯಿಗೆ ತಳಿಯೋ, ಜಾತಿಯೋ, ಬ್ರೀಡೋ?

ಗೆಳೆಯರೆ,

ಭಾನುವಾರ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಏಳೆಂಟು ಜನರಿಗೆ ಕನ್ನಡ ಹೇಳಿಕೊಡುತ್ತೇನೆ. ಎಲ್ಲರೂ ಹೊರಗಿನಿಂದ ಕೆಲಸಕ್ಕೆ ಬಂದವರು. ಪುಸ್ತಕ ತೆರೆದರೆ ಹತ್ತು ನಿಮಿಷಕ್ಕೇ ಆಕಳಿಕೆ. ಅದಕ್ಕೆ ಇಸ್ಪೀಟಿನ ಥರ ಕಾರ್ಡು ಮಾಡಿಕೊಂಡು ಆಡಿಸುತ್ತೇನೆ. ತರಕಾರಿ ಆಯಿತು, ಬಸ್ಸು ಆಟೋ ಆಯಿತು, ಈಗ ನಾಯಿ. ಅಪಾರ್ಟ್‌ಮೆಂಟಿನಲ್ಲಿ ಮಾತು ಶುರುವಾಗುವುದೇ ನಾಯಿಯಿಂದ ಅಲ್ವಾ?

12 ನಾಯಿ, ಒಂದೊಂದಕ್ಕೆ 4 ಕಾರ್ಡು. ‘ನಿಮ್ಮ ಹತ್ತಿರ ಪಗ್ ಇದೆಯಾ?’ ಅಂತ ಪಕ್ಕದವರನ್ನು ಕೇಳಬೇಕು. ಇದ್ದರೆ ಕೊಡಬೇಕು, ಇಲ್ಲದಿದ್ದರೆ ‘ಇಲ್ಲ, ಕಟ್ಟಿನಿಂದ ತಗೊಳ್ಳಿ’ ಅನ್ನಬೇಕು. ನಾಲ್ಕೂ ಸೇರಿದರೆ ಆ ನಾಯಿಗೆ ಊಟ ಹಾಕಬೇಕು. ಅಂದರೆ ‘ಪಗ್ಗಿಗೆ ಬಿಸ್ಕತ್ತು ಕೊಡಿ’ ಅಂತ ಬಾಯಿ ಬಿಟ್ಟು ಹೇಳಿದರೇ ಅಂಕ.

ಮೊದಲ ಎಡವಟ್ಟು ಆದದ್ದು ಲಿಫ್ಟಿನಲ್ಲಿ. ‘ಇದು ಯಾವ ಜಾತಿ ನಾಯಿ?’ ಅಂತ ನಾನೇ ಹೇಳಿಕೊಟ್ಟಿದ್ದೆ. ಕಣ್ಣೆದುರಿಗೆ ಇರುವ ವಸ್ತುವಿನ ಹೆಸರು ಬಿಟ್ಟರೂ ನಡೆಯುತ್ತದೆ, ‘ನಿಮ್ಮದು ಯಾವ ಕಾರು?’ ಅಂದ ಹಾಗೆ ‘ನಿಮ್ಮದು ಯಾವುದು?’ ಅಂದರೂ ಸಾಕು, ಅಂತಲೂ ಹೇಳಿದ್ದೆ. ಪಟ್ನಾದ ಹುಡುಗನೊಬ್ಬ ಎರಡೂ ಪಾಠ ಸೇರಿಸಿಬಿಟ್ಟ. ಲ್ಯಾಬ್ರಡಾರ್ ಹಿಡಿದು ನಿಂತಿದ್ದ ಮೂರನೇ ಮಹಡಿಯ ಹಿರಿಯರನ್ನು ನಗುನಗುತ್ತಾ ಕೇಳಿದ: ‘ಸಾರ್, ನಿಮ್ಮದು ಯಾವ ಜಾತಿ?’ ಅವರು ಅವನನ್ನು ನೋಡಿದರು, ನಾಯಿಯನ್ನು ನೋಡಿದರು, ಆಮೇಲೆ ಕೆಳಗಿಳಿಯುವವರೆಗೂ ಲಿಫ್ಟಿನ ನಂಬರನ್ನೇ ನೋಡುತ್ತಾ ನಿಂತರಂತೆ. ಅವನ ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ!

ಹಾಗಾದರೆ ‘ತಳಿ’ ಕಲಿಸಬಹುದಿತ್ತಲ್ಲ ಅನ್ನುತ್ತೀರಿ. ಪೇಪರಿನಲ್ಲಿ ಮುಧೋಳ ತಳಿ ಅಂತಲೇ ಬರೆಯುತ್ತಾರೆ. ಆದರೆ ನನ್ನ ಕಿವಿಗೆ ತಳಿ ಅಂದರೆ ರೇಡಿಯೋದ ಕೃಷಿ ಕಾರ್ಯಕ್ರಮ: ಭತ್ತದ ತಳಿ, ಇಂಡಾಫ್ ರಾಗಿ ತಳಿ. ಪಾರ್ಕಿನಲ್ಲಿ ‘ನಿಮ್ಮ ನಾಯಿ ಯಾವ ತಳಿ?’ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ. ‘ಯಾವ ಬ್ರೀಡು?’ ಅನ್ನುತ್ತಾರೆ, ಇಲ್ಲವೇ ಸುಮ್ನೆ ‘ಇದು ಯಾವ ನಾಯಿ?’ ಅನ್ನುತ್ತಾರೆ. ‘ಜಾತಿ’ ಉಳಿದಿರುವುದು ಹೊಗಳಿಕೆಯಲ್ಲಿ. ‘ಜಾತಿ ನಾಯಿ ಕಣ್ರೀ ಇದು’ ಅಂದರೆ ಕಂತ್ರಿ ಅಲ್ಲ ಅಂತ. ಅಲ್ಲಿ ಯಾವ ಜಾತಿ ಅನ್ನುವ ಪ್ರಶ್ನೆಯೇ ಇಲ್ಲ, ಜಾತಿ ಇದೆಯೋ ಇಲ್ಲವೋ ಅಷ್ಟೇ.

ಎರಡನೇ ತೊಡಕು ಊಟ ಹಾಕುವಾಗ ಬಂತು. ಇದು ನನಗೆ ಹೆಚ್ಚು ಕಾಡುತ್ತಿದೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಿತ್ತು: ಮುಧೋಳ, ರಾಜಪಾಳಯಂ, ರಾಂಪುರ, ಹಿಮಾಲಯದ ಕುರಿನಾಯಿ. ಕಾರ್ಡಿಗೆ ಅವನ್ನೂ ಸೇರಿಸಿದ್ದೆ. ನಾಲ್ಕಕ್ಕೂ ಜಾಗದ ಹೆಸರೇ. ‘ಮರ, ಮರಕ್ಕೆ’ ಕಲಿತ ಹುಡುಗಿ ಚೆನ್ನಾಗಿಯೇ ಹೇಳಿದಳು: ‘ಮುಧೋಳಕ್ಕೆ ಮೂಳೆ ಕೊಡಿ.’ ನಿಯಮ ಸರಿ. ಆದರೆ ಬಾಗಲಕೋಟೆ ಜಿಲ್ಲೆಗೆ ಮೂಳೆ ಪಾರ್ಸೆಲ್ ಕಳಿಸಿದ ಹಾಗಾಯಿತು. ‘ಎರಡು ಮುಧೋಳ ಇದೆ’ ಅಂದರೆ ಹೇಗೋ ಒಪ್ಪುತ್ತದೆ, ‘ಮುಧೋಳಗಳು’ ಅಂದರೆ ಊರೇ ಎರಡಾಗುತ್ತದೆ. ಕೊನೆಗೆ ‘ಮುಧೋಳ ನಾಯಿಗೆ’ ಅಂತ ತಿದ್ದಿದೆ. ಆಗ ಅವಳು ಕೇಳಿದಳು, ‘ಪಗ್ಗಿಗೆ ಅಂದಾಗ ನಾಯಿ ಬೇಡ, ಇಲ್ಲಿ ಯಾಕೆ ಬೇಕು?’

ಊರಿನ ಹೆಸರಾದ್ದರಿಂದ ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಅದೂ ಪೂರ್ತಿ ನಿಜ ಅಲ್ಲ ಅನ್ನಿಸಿತು. ಅಂಗಡಿಯಲ್ಲಿ ‘ಅರ್ಧ ಕೇಜಿ ಬ್ಯಾಡಗಿ ಕೊಡಿ’ ಅನ್ನುತ್ತೇವೆ, ಮೆಣಸಿನಕಾಯಿ ಅನ್ನಬೇಕಿಲ್ಲ. ‘ಬ್ಯಾಡಗಿಗೆ ರೇಟು ಜಾಸ್ತಿ’ ಅಂದರೆ ಯಾರೂ ಹಾವೇರಿ ಕಡೆ ತಿರುಗಿ ನೋಡುವುದಿಲ್ಲ. ‘ಮದುವೆಗೆ ಎರಡು ಇಳಕಲ್ ತಗೊಂಡ್ವಿ’ ಅನ್ನುವುದೂ ಉಂಟು. ಆದರೆ ‘ಒಂದು ಧಾರವಾಡ ತಿಂದೆ’ ಅನ್ನೋಕಾಗಲ್ಲ, ಪೇಡ ಬೇಕೇ ಬೇಕು. ನಂಜನಗೂಡಿನ ರಸಬಾಳೆಯಲ್ಲಂತೂ ಊರೇ ಬಿದ್ದುಹೋಗಿ ರಸಬಾಳೆ ಮಾತ್ರ ಉಳಿಯುತ್ತದೆ. ಊರಿಗಿಂತ ಸರಕೇ ಹೆಸರುವಾಸಿಯಾದರೆ ಊರಿನ ಹೆಸರು ಒಂಟಿಯಾಗಿ ನಿಲ್ಲುತ್ತದೆಯೇ? ಹಾಗಿದ್ದರೆ ಬೆಂಗಳೂರಿನವರಿಗೆ ಮುಧೋಳ ಅಂದರೆ ನಾಯಿಯೇ ಮೊದಲು ನೆನಪಾಗಬೇಕಲ್ಲ? ಮುಧೋಳ, ಜಮಖಂಡಿ ಕಡೆಯವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಊರೊಳಗೇ ಇದ್ದುಕೊಂಡು ಆ ನಾಯಿಯನ್ನು ‘ಮುಧೋಳ ನಾಯಿ’ ಅನ್ನುತ್ತೀರಾ, ಅಥವಾ ಬರೀ ಬೇಟೆನಾಯಿಯೇ?

ಲ್ಯಾಬ್ರಡಾರ್, ರಾಟ್‌ವೈಲರ್ ಕೂಡ ಜಾಗದ ಹೆಸರೇ. ಆ ಜಾಗ ನಮ್ಮ ತಲೆಯಲ್ಲಿಲ್ಲ, ಹಾಗಾಗಿ ‘ಲ್ಯಾಬ್ರಡಾರಿಗೆ ಅನ್ನ ಹಾಕು’ ಅನ್ನಲು ಅಡ್ಡಿಯಿಲ್ಲ. ಡಾಬರ್ಮನ್ ಮಾತ್ರ ಬೇರೆ ಥರ ಕಾಟ ಕೊಟ್ಟಿತು. ಬಸ್ಸು, ಪಗ್ಗು ಅಂದ ಹಾಗೆ ‘ಡಾಬರ್ಮನ್ನು’ ಅಂದರೆ ಕಲಿಯುವವರು ಅದನ್ನೇ ದ್ವಿತೀಯಾ ವಿಭಕ್ತಿ ಅಂದುಕೊಳ್ಳುತ್ತಾರೆ, ‘ಡಾಬರ್ಮನ್ನನ್ನು’ ಅಂದರೆ ತೊದಲಿದೆ ಅಂದುಕೊಳ್ಳುತ್ತಾರೆ. ಆ ಕಾರ್ಡು ತೆಗೆದುಬಿಟ್ಟೆ. ಇನ್ನೊಂದು ಜಗಳ: ಒಬ್ಬರು ‘ಅಲ್ಸೇಷಿಯನ್ ಇದೆಯಾ?’ ಅಂದರು, ಜರ್ಮನ್ ಶೆಫರ್ಡ್ ಕೈಯಲ್ಲಿದ್ದವರು ‘ಇಲ್ಲ’ ಅಂದರು. ಒಂದೇ ನಾಯಿ! ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಅನ್ನುವ ಮಾತೇ ಬೇಡವಾಗಿ ಇಂಗ್ಲೆಂಡಿನವರು ಇಟ್ಟ ಹೆಸರು ಅಲ್ಸೇಷಿಯನ್. ನಮ್ಮ ಅಪ್ಪ ಈಗಲೂ ಅದನ್ನೇ ಹೇಳೋದು.

ಇನ್ನು ಬೀದಿ ನಾಯಿ. ಕೋಳಿಯಾದರೆ ಈ ಕಡೆ ನಾಟಿ, ಆ ಕಡೆ ಜವಾರಿ. ನಾಯಿಗೂ ಹಾಗೆ ಹೇಳುತ್ತಾರೆಯೇ? ಕಂತ್ರಿ ಅಂತ ಬರೆಯಲು ಮನಸ್ಸಿಲ್ಲ. ಅದು ಬೈಗುಳವೂ ಹೌದು, ಪಟ್ನಾದ ಹುಡುಗ ಅದನ್ನು ಲಿಫ್ಟಿನಲ್ಲಿ ಯಾರಿಗೆ ಹೇಳುತ್ತಾನೋ!

ಶನಿವಾರ ಹೊಸ ಕಾರ್ಡು ಪ್ರಿಂಟ್ ಹಾಕಿಸಬೇಕು. ಹಿಂಬದಿಯಲ್ಲಿ ಪ್ರಶ್ನೆಗೆ ಒಂದೇ ಸಾಲಿನ ಜಾಗ ಇದೆ. ಸದ್ಯಕ್ಕೆ ‘ಇದು ಯಾವ ನಾಯಿ?’ ಅಂತ ಬರೆದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಶುಕ್ರವಾರದೊಳಗೆ ತಿಳಿಸಿ.